ಮಾಹುಲಿಗೆ ಹೊರಟ ಇಬ್ಬರು

ಡೊಂಬಿವಲಿ ಪೂರ್ವ
12 ನವೆಂಬರ್ 2006

ಸುಗುಣಕ್ಕನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ವಿಮಾ ಕಚೇರಿಯಲ್ಲಿ ಅರ್ಧ ವರ್ಷದ ತಪಾಸಣೆ ಮುಗಿಯುವವರೆಗೆ ತಲೆ ಎತ್ತಲಾಗಲಿಲ್ಲ. ಯಾಮಿನಿ ಪುಣೆಯಿಂದ ಫೋನು ಮಾಡಿದಾಗಲೆಲ್ಲ ದೊಡ್ಡಮ್ಮನಿಗೆ ಒಂದು ಮೊಬೈಲ್ ಕೊಡಿಸು, ಕಿವಿ ಕೇಳದಿದ್ದರೇನು, ಮೆಸೇಜು ಓದಬಹುದಲ್ಲ ಅನ್ನುತ್ತಾಳೆ. ನೀನು ಒಪ್ಪುವುದಿಲ್ಲವೆಂದು ನಾನೇ ಹೇಳಿಬಿಟ್ಟೆ. ನಿನ್ನ ಹತ್ತಿರ ಕಾಗದದಲ್ಲೇ ಮಾತಾಡುವುದು ನನಗೂ ರೂಢಿಯಾಗಿದೆ.

ಸಕ್ಕರೆ ಸ್ವಲ್ಪ ಏರಿದೆ. ಡಾಕ್ಟರು ನಡೆಯಿರಿ ಎಂದರು. ಡೊಂಬಿವಲಿಯಲ್ಲಿ ಎಲ್ಲಿ ನಡೆಯುವುದು, ಹೇಳು. ಫುಟ್‌ಪಾತಿನ ಮೇಲೆ ಮೆಂತ್ಯದ ಸೊಪ್ಪು, ರಸ್ತೆಯ ಮೇಲೆ ರಿಕ್ಷಾ. ಇಲ್ಲಿನ ಕನ್ನಡ ಸಂಘದವರು ಭಾನುವಾರ ಬೆಳಗ್ಗೆ ಗುಡ್ಡ ಹತ್ತುವ ಗುಂಪೊಂದನ್ನು ಮಾಡಿದ್ದಾರೆ. ಪಕ್ಕದ ಮನೆಯ ರಮಾಮಣಿ ತನ್ನ ಹೆಸರಿನ ಜೊತೆಗೆ ನನ್ನದನ್ನೂ ಕೊಟ್ಟುಬಂದಳು. ಹೋದ ವಾರ ಮುಂಬ್ರಾದ ಗುಡ್ಡ ಹತ್ತಿದೆವು. ಇಷ್ಟು ವರ್ಷ ಲೋಕಲ್ ಗಾಡಿಯ ಕಿಟಕಿಯಿಂದ ಆ ಗುಡ್ಡ ನೋಡಿದ್ದೆ. ಗುಡ್ಡದ ಮೇಲಿನಿಂದ ಲೋಕಲ್ ನೋಡಿದ್ದು ಇದೇ ಮೊದಲು. ಅಷ್ಟೊಂದು ಜನ ತುಂಬಿಕೊಂಡು ಹೋಗುವ ಗಾಡಿ ಅಲ್ಲಿಂದ ಖಾಲಿ ಡಬ್ಬಿಗಳ ಸಾಲಿನ ಹಾಗೆ ಕಾಣುತ್ತದೆ.

ಗುಂಪಿನಲ್ಲಿ ಘೋಡಬಂದರ್ ರಸ್ತೆಯ ಬೆಂಗಳೂರು ಹುಡುಗರಿದ್ದಾರೆ. ನಳಿಕೆ ಜೋಡಿಸಿದ ನೀರಿನ ಚೀಲ ಬೆನ್ನಿಗೆ ಕಟ್ಟಿಕೊಂಡು ಬರುತ್ತಾರೆ, ಹಾಲು ಕುಡಿಯುವ ಮಕ್ಕಳ ಹಾಗೆ ಚೀಪುತ್ತಾರೆ. ದಾರಿ ತೋರಿಸುವವರು ಶಹಾಡಿನ ಒಬ್ಬರು, ಬಿಜಾಪುರದ ಕಡೆಯವರು, ಅಲ್ಲಿನ ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಮಾತು ಅರ್ಧ ನನಗೆ ತಿಳಿಯುವುದಿಲ್ಲ. ನಾನು ಏದುಸಿರು ಬಿಡುವುದನ್ನು ಕಂಡು, "ಸಾವಕಾಶ ಬರ್ರಿ, ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ" ಎಂದರು.

ಮಂಡಿ ನೋವಿಲ್ಲ. ನಿನ್ನ ಕಿವಿಯ ಯಂತ್ರ ರಿಪೇರಿಯಾಯಿತೇ?

ನಿನ್ನ
ಅಲಮೇಲು


ಸರಸ್ವತಿಪುರಂ, ಮೈಸೂರು
28 ನವೆಂಬರ್ 2006

ಪ್ರೀತಿಯ ಅಲಮೇಲು,

ಯಂತ್ರ ರಿಪೇರಿಯಾಯಿತು. ಈಗ ಅದರಲ್ಲಿ ಬಸ್ಸಿನ ಹಾರನ್ನು ಮಾತ್ರ ಕೇಳುತ್ತದೆ, ಮನುಷ್ಯರ ಮಾತಲ್ಲ. ತೆಗೆದು ಬೀರುವಿನಲ್ಲಿ ಇಟ್ಟಿದ್ದೇನೆ. ಮನುಷ್ಯರು ಎದುರಿಗೆ ನಿಂತು ಸರಿಯಾಗಿ ತುಟಿ ಆಡಿಸಿದರೆ ನನಗೆ ಯಂತ್ರ ಬೇಡ. ಅವರು ಮುಖ ಆ ಕಡೆ ತಿರುಗಿಸಿ ಮಾತಾಡಿ, ಆಮೇಲೆ ನನ್ನನ್ನೇ ದೂರುತ್ತಾರೆ.

ಗುಡ್ಡ ಹತ್ತುವುದು ಒಳ್ಳೆಯದು. ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳಿಗೆ ಸಹ್ಯಾದ್ರಿಯ ನಕ್ಷೆ ಬರೆಸಿದೆ, ಒಂದು ದಿನವೂ ಅದರ ಮೇಲೆ ಕಾಲಿಡಲಿಲ್ಲ. ಒಂದು ಮಾತು ನೆನಪಿಡು. ಅಲ್ಲಿನ ಬೆಟ್ಟಗಳು ಲಾವಾ ಕಲ್ಲಿನವು, ಪದರ ಪದರ, ಮಳೆಗಾಲದ ನಂತರ ಪದರ ಕಿತ್ತುಬರುತ್ತದೆ. ಹಿಡಿದುಕೊಳ್ಳುವ ಮೊದಲು ಕಲ್ಲನ್ನು ಅಲುಗಿಸಿ ನೋಡು. ಸ್ವೆಟರು ಹಾಕಿಕೋ.

ನಿನ್ನ ನಿವೃತ್ತಿಗೆ ಇನ್ನು ಒಂದೂವರೆ ವರ್ಷ ತಾನೆ? ರಮಾಕಾಂತ ತೀರಿಕೊಂಡು ನೀನು ಒಬ್ಬಳಾದ ಮೇಲೆ ಆ ಊರಿನಲ್ಲಿ ನಿನಗೆ ಕಚೇರಿ ಬಿಟ್ಟರೆ ಏನಿದೆ? ಮಗಳೂ ಪುಣೆ ಸೇರಿದಳು. ನಾನು ಏನೂ ಹೇಳುವುದಿಲ್ಲ, ನೀನೇ ಯೋಚಿಸು.

ಸುಗುಣಾ


ಡೊಂಬಿವಲಿ
4 ಮಾರ್ಚ್ 2007

ಅಕ್ಕನಿಗೆ,

ಗುಂಪು ಕರಗುತ್ತಿದೆ. ಬೆಂಗಳೂರು ಹುಡುಗರು ಐರೋಲಿಯ ಯಾವುದೋ ಜಿಮ್ ಸೇರಿದರು. ಸಂಘದ ಕಾರ್ಯದರ್ಶಿಗಳಿಗೆ ನಾಟಕದ ತಾಲೀಮು. ಬೇಸಿಗೆ ಹತ್ತಿರ ಬಂದಿರುವುದರಿಂದ ಬಿಸಿಲೇರುವ ಮೊದಲೇ ಇಳಿದುಬಿಡಬೇಕು, ಅದಕ್ಕೆ ಕತ್ತಲಿರುವಾಗಲೇ ಗಾಡಿ ಹಿಡಿಯಬೇಕು, ಅದು ಎಲ್ಲರಿಗೂ ಆಗುವುದಿಲ್ಲ.

ನಾವು ನಿಲ್ಲಿಸಿಲ್ಲ. ನಾನು ನಿಜವಾದ ಬೆನ್ನಚೀಲವೊಂದನ್ನು ಕೊಂಡೆ. ಮೊದಲ ದಿನ ಅದನ್ನು ಹಾಕಿಕೊಂಡು ಸೀರೆಯ ಬದಲು ಸಲ್ವಾರಿನಲ್ಲಿ ಮೆಟ್ಟಿಲಿಳಿಯುವಾಗ ವಾಚ್‌ಮನ್ ನನ್ನ ಗುರುತು ಹಿಡಿಯಲಿಲ್ಲ. ಈಗ ನಾವು ಕಸಾರಾ ಲೈನಿನ ಗುಡ್ಡಗಳಿಗೆ ಹೋಗುತ್ತಿದ್ದೇವೆ. ಹೋದ ಭಾನುವಾರ ಮಾಹುಲಿ ಎಂಬ ಕೋಟೆಯ ಬುಡದವರೆಗೆ ಹೋಗಿ ಬಂದೆವು. ಆಸನಗಾಂವ್ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾದಲ್ಲಿ ಹೋಗಬೇಕು. ಮೇಲೆ ಪಾಳುಬಿದ್ದ ಕೋಟೆಯಿದೆಯಂತೆ. ಅಷ್ಟು ಎತ್ತರ ಈಗಲೇ ಬೇಡ, ಮಳೆಗಾಲ ಮುಗಿಯಲಿ, ಅಷ್ಟರಲ್ಲಿ ಕಾಲು ತಯಾರಾಗುತ್ತದೆ ಎಂದುಕೊಂಡೆವು.

ನಿವೃತ್ತಿಯ ವಿಚಾರ ನೋಡೋಣ. ಇನ್ನೂ ಸಮಯವಿದೆ.

ಅಲಮೇಲು


ಮೈಸೂರು
25 ಮಾರ್ಚ್ 2007

ಅಲಮೇಲು,

ರಮಾಮಣಿಯಂಥ ಗೆಳತಿ ಸಿಕ್ಕಿದ್ದು ನಿನ್ನ ಪುಣ್ಯ. ಉಳಿದವರೆಲ್ಲ ಬಿಟ್ಟುಹೋದರೂ ಅವಳೊಬ್ಬಳು ನಿಂತಳಲ್ಲ. ಇಬ್ಬರು ಹೆಂಗಸರು ಚೀಲ ಬೆನ್ನಿಗೇರಿಸಿ ಕತ್ತಲಲ್ಲಿ ಹೊರಡುವುದೆಂದರೆ ನಮ್ಮ ಕಾಲದಲ್ಲಿ ಊಹಿಸುವಂತಿರಲಿಲ್ಲ. ಆದರೂ ಜನವಸತಿ ಬಿಟ್ಟು ದೂರ ಹೋಗಬೇಡಿ. ಪಾರ್ಸೆಲ್ಲಿನಲ್ಲಿ ಎರಡು ಡಬ್ಬಿ ಚಟ್ನಿಪುಡಿ ಕಳಿಸಿದ್ದೇನೆ, ಒಂದು ನಿನಗೆ, ಒಂದು ಅವಳಿಗೆ. ಅವಳದಕ್ಕೆ ಬೆಳ್ಳುಳ್ಳಿ ಹಾಕಿಲ್ಲ, ತಿನ್ನುತ್ತಾಳೋ ಇಲ್ಲವೋ ಗೊತ್ತಿಲ್ಲದ್ದರಿಂದ.

ಮೇಲಿನ ಮನೆಯ ಬಾಡಿಗೆಯವರು ಖಾಲಿ ಮಾಡಿದರು. ಸುಣ್ಣ ಬಳಿಸಿದ್ದೇನೆ. ಗಾಳಿಯಾಡಲಿ ಎಂದು ಸದ್ಯಕ್ಕೆ ಯಾರಿಗೂ ಕೊಟ್ಟಿಲ್ಲ.

ಸುಗುಣಾ


ಡೊಂಬಿವಲಿ
8 ಜುಲೈ 2007

ಅಕ್ಕ,

ಮಳೆ. ಮೊನ್ನೆ ದಿವಾದ ಹತ್ತಿರ ಹಳಿಯ ಮೇಲೆ ನೀರು ನಿಂತು ಗಾಡಿಯಲ್ಲೇ ಅರ್ಧ ದಿನ ಕಳೆಯಿತು. ಗುಡ್ಡದ ಓಡಾಟ ನಿಂತಿದೆ.

ಚಟ್ನಿಪುಡಿ ಬಹಳ ಮೆಚ್ಚಿಕೊಂಡರು. ಜೋಳದ ರೊಟ್ಟಿಗೆ ಎಣ್ಣೆ ಹಾಕಿಕೊಂಡು ತಿಂದರು. ಬೆಳ್ಳುಳ್ಳಿ ಇದ್ದರೂ ನಡೆಯುತ್ತದಂತೆ.

ಮೇಲಿನ ಮನೆ ಖಾಲಿ ಬಿಡಬೇಡ, ಗೋಡೆ ತೇವ ಹಿಡಿಯುತ್ತದೆ. ಒಳ್ಳೆಯವರು ಸಿಕ್ಕರೆ ಕೊಟ್ಟುಬಿಡು.

ಅಲಮೇಲು


ಡೊಂಬಿವಲಿ
6 ಜನವರಿ 2008

ಅಕ್ಕ,

ಇದು ಉದ್ದದ ಕಾಗದ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಇಳಿಸಿ ಬಂದು ಓದು.

ಡಿಸೆಂಬರ್ 23ರ ಭಾನುವಾರ ನಾವು ಮಾಹುಲಿ ಕೋಟೆ ಹತ್ತಿದೆವು. ನಾವು ಎಂದರೆ ನಾನು ಮತ್ತು ಮಹಾದೇವಪ್ಪನವರು. ಶಹಾಡಿನವರು, ದಾರಿ ತೋರಿಸುತ್ತಿದ್ದವರು ಎಂದು ಮೊದಲೇ ಬರೆದಿದ್ದೆನಲ್ಲ, ಅವರು. ರಮಾಮಣಿ ಹೋದ ವರ್ಷದ ಬೇಸಿಗೆಗೂ ಮೊದಲೇ ಮಂಡಿ ನೋವೆಂದು ಬಿಟ್ಟಳು. ಅಂದಿನಿಂದ ಹೋಗುತ್ತಿದ್ದವರು ನಾವಿಬ್ಬರೇ. ನನ್ನ ಜೊತೆಯವಳು ರಮಾಮಣಿ ಎಂದು ನೀನು ತಿಳಿದುಕೊಂಡೆ, ನಾನು ತಿದ್ದಲಿಲ್ಲ. ಅವರ ಹೆಂಡತಿ ಮರಗಮ್ಮ ತೀರಿಕೊಂಡು ಆರು ವರ್ಷವಾಯಿತು. ಮಕ್ಕಳಿಲ್ಲ.

ನಾನು ಡೊಂಬಿವಲಿಯಲ್ಲಿ ಗಾಡಿ ಹತ್ತುತ್ತೇನೆ, ಅವರು ಶಹಾಡಿನಲ್ಲಿ. ಇಷ್ಟು ವರ್ಷ ಲೇಡೀಸ್ ಡಬ್ಬಿ ಬಿಟ್ಟು ಬೇರೆ ಹತ್ತದವಳು ಭಾನುವಾರ ಮಾತ್ರ ಜನರಲ್ ಡಬ್ಬಿಯಲ್ಲಿ ಕೂತು ಅವರಿಗೆ ಜಾಗ ಹಿಡಿದಿರುತ್ತಿದ್ದೆ. ಆ ದಿನವೂ ಹಾಗೇ. ಕತ್ತಲು ಹರಿಯುವ ಮೊದಲೇ ಗುಡ್ಡದ ಬುಡದಲ್ಲಿದ್ದೆವು. ಕಾಡಿನೊಳಗಿನ ಏರು ಮುಗಿಯುವ ಹೊತ್ತಿಗೆ ಬೆಳಕಾಯಿತು. ಕೊನೆಗೆ ಬಂಡೆಗೆ ಒರಗಿಸಿದ ಕಬ್ಬಿಣದ ಏಣಿ. ಅವರು ಮೊದಲು ಹತ್ತಿ ಅಲ್ಲಿಂದ ನನ್ನ ಚೀಲ ಎಳೆದುಕೊಂಡರು.

ಮೇಲೆ ಏನಿದೆ ಅಂದರೆ ಏನೂ ಇಲ್ಲ. ಕದವಿಲ್ಲದ ಬಾಗಿಲು, ಎದೆಯೆತ್ತರದ ಗೋಡೆಗಳು, ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿ, ಕಾವಲಿನವರು ಇರುತ್ತಿದ್ದ ಗುಹೆ. ಹುಲ್ಲು ಒಣಗಿ ಎಲ್ಲದರ ಮೇಲೂ ಬಿದ್ದಿತ್ತು. ಗುಹೆಯ ಮೂಲೆಯಲ್ಲಿ ಮಸಿ ಹಿಡಿದ ಕಲ್ಲಿತ್ತು. ಅವರು ಅದರ ಮೇಲೆ ಕೈಯಾಡಿಸಿ, "ಇಲ್ಲಿ ಯಾರೋ ಒಲಿ ಹೂಡಿದ್ರು ನೋಡ್ರಿ" ಎಂದರು. ಅಲ್ಲೇ ಹೊಸ್ತಿಲಲ್ಲಿ ಕೂತು ರೊಟ್ಟಿ, ಮೊಸರನ್ನ ತಿಂದೆವು. ಕೆಳಗಿನ ಊರು, ರಸ್ತೆ, ಕೆರೆ ಎಲ್ಲ ಮಂಜಿನಿಂದ ಒಂದೊಂದಾಗಿ ಹೊರಬರುತ್ತಿದ್ದವು.

ಆಗ ಅವರು, ರಿಟೈರಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ಮೈಸೂರಿಗೆ ಹೋಗುತ್ತೇನೆ, ಅಕ್ಕ ಒಬ್ಬಳೇ ಇದ್ದಾಳೆ ಎಂದೆ. "ಛಲೋ ಆತು" ಎಂದು ಡಬ್ಬಿ ಮುಚ್ಚಿದರು.

ಇಳಿಯುವಾಗ ಯಾವಾಗಲೂ ಅವರು ಮುಂದೆ, ನಾನು ಹಿಂದೆ. ಆ ದಿನ ನಾನು ಮುಂದಿದ್ದೆ. ಏಣಿ ದಾಟಿ ಸಡಿಲ ಕಲ್ಲಿನ ಇಳಿಜಾರಿಗೆ ಬಂದಿದ್ದೆವು. ಹಿಂದೆ ಕಲ್ಲು ಉರುಳುವ ಸದ್ದಾಯಿತು. ತಿರುಗುವಷ್ಟರಲ್ಲಿ ಅವರು ನನ್ನ ಪಕ್ಕದಿಂದಲೇ ಜಾರಿ ಕೆಳಗೆ ಹೋಗಿ ಒಂದು ಮರಕ್ಕೆ ತಗುಲಿ ನಿಂತರು. ಎಡಗಾಲು ಮಂಡಿಯ ಕೆಳಗೆ ಮುರಿದಿತ್ತು. ನಾನು ಡಾಕ್ಟರಲ್ಲ, ಆದರೂ ನೋಡಿದರೆ ತಿಳಿಯುವ ಹಾಗಿತ್ತು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಕೂಗಿದೆ, ಯಾರೂ ಇಲ್ಲ.

"ನೀವು ಇಳೀರಿ. ಊರಾಗಿನ ಮಂದಿನ ಕರಕೊಂಡು ಬರ್ರಿ. ನಾ ಎಲ್ಲಿ ಹೋಗ್ತೀನಿ?" ಎಂದರು. ನಗಲು ನೋಡಿದರು, ಆಗಲಿಲ್ಲ.

ನೀರು, ನನ್ನ ಶಾಲು, ಬೆನ್ನಚೀಲ ಎಲ್ಲ ಅವರ ಹತ್ತಿರ ಬಿಟ್ಟು ಹೊರಟೆ. ಹಿಂತಿರುಗಿ ನೋಡಲಿಲ್ಲ ಅಕ್ಕ. ನೋಡಿದ್ದರೆ ಇಳಿಯುವುದು ಆಗುತ್ತಿರಲಿಲ್ಲ. ಕಾಡಿನಲ್ಲಿ ದಾರಿ ಎರಡಾಗುವ ಕಡೆ ತಪ್ಪಿದೆ. ಬಹಳ ದೂರ ಹೋದ ಮೇಲೆ ಎದುರಿಗೆ ಬರೀ ಕೊರಕಲು ಕಂಡಿತು. ವಾಪಸು ಹತ್ತಿ ಬಂದೆ. ರಮಾಕಾಂತರು ಆಸ್ಪತ್ರೆಯಲ್ಲಿ ಹೋದ ದಿನ ನಾನು ಹಣ್ಣು ತರಲು ಕೆಳಗಿಳಿದಿದ್ದೆ, ನಿನಗೆ ನೆನಪಿರಬಹುದು. ಆ ಕಾಡಿನಲ್ಲಿ ಅದೊಂದೇ ನೆನಪು. ಈ ಸಲ ತಡವಾಗಬಾರದು ಎಂದು ಗಟ್ಟಿಯಾಗಿ ಹೇಳಿಕೊಂಡು ನಡೆದೆ.

ಮೇಕೆ ಮೇಯಿಸುತ್ತಿದ್ದ ಒಬ್ಬ ಹೆಂಗಸು ಸಿಕ್ಕಳು. ನನ್ನ ಮಾತು ಪೂರ್ತಿ ಕೇಳುವ ಮೊದಲೇ ಊರಿನ ಕಡೆ ಮುಖ ಮಾಡಿ ಕೂಗು ಹಾಕಿದಳು. ಗಂಡಸರು ಬಿದಿರು, ಚಾದರ ಹಿಡಿದು ಬಂದರು. ನಾನೂ ಅವರ ಜೊತೆ ಮತ್ತೆ ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ಡೋಲಿ ಕಟ್ಟಿ ಇಳಿಸಿದರು.

ಶಹಾಪುರದ ಆಸ್ಪತ್ರೆಯಲ್ಲಿ ನರ್ಸು, ಪೇಷಂಟಿಗೆ ನೀವು ಏನಾಗಬೇಕು ಎಂದು ಮರಾಠಿಯಲ್ಲಿ ಕೇಳಿದಳು. "ಮೀ ತ್ಯಾಂಚೀ ಬಾಯ್ಕೋ" ಎಂದೆ. ನಾನು ಅವರ ಹೆಂಡತಿ. ಕನ್ನಡದಲ್ಲಿ ಕೇಳಿದ್ದರೆ ನನ್ನ ಬಾಯಿಂದ ಆ ಮಾತು ಬರುತ್ತಿತ್ತೋ ಇಲ್ಲವೋ. ಅವರು ಸ್ಟ್ರೆಚರಿನ ಮೇಲೆ ಮಲಗಿದ್ದರು, ಕೇಳಿಸಿಕೊಂಡರು, ಕಣ್ಣು ಮುಚ್ಚಿಕೊಂಡರು.

ಕಲ್ಯಾಣದಲ್ಲಿ ಆಪರೇಷನ್ ಆಗಿ ಕಾಲಿಗೆ ಸರಳು ಹಾಕಿದ್ದಾರೆ. ನಾಲ್ಕು ದಿನ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಐದನೆಯ ದಿನ ನಾನು ಗಂಜಿ ಕೊಡುವಾಗ, "ಆವತ್ತ ಮರಾಠ್ಯಾಗ ಏನೋ ಅಂದ್ರೆಲ್ಲ, ಅದನ್ನ ಒಮ್ಮೆ ಕನ್ನಡದಾಗ ಅನ್ರಿ" ಎಂದರು.

ಅಂದೆ.

ಅವರು ಲಿಂಗಾಯತರು, ನಾವು ಅಯ್ಯಂಗಾರರು. ಗುಡ್ಡದ ಮೇಲೆ ಇದು ನನಗೆ ನೆನಪಾಗಿರಲಿಲ್ಲ. ಕೆಳಗಿಳಿದ ಮೇಲೆ ಎಲ್ಲರೂ ನೆನಪು ಮಾಡುತ್ತಾರೆ ಎಂದು ಗೊತ್ತು. ಯಾಮಿನಿಗೆ ಹೇಳಿದೆ. ಹಿಂದಿಯಲ್ಲಿ, "ಮಮ್ಮಿ, ತುಮ್ ಖುಷ್ ಹೋ ನಾ? ಬಸ್" ಎಂದಳು. ನಾನು ಖುಷಿಯಾಗಿದ್ದರೆ ಅವಳಿಗೆ ಸಾಕಂತೆ. ಎರಡನೆಯವಳು ನೀನು.

ಅಲಮೇಲು


ಡೊಂಬಿವಲಿ
17 ಫೆಬ್ರುವರಿ 2008

ಅಕ್ಕ,

ನನ್ನ ಕಾಗದ ತಲುಪಿತು ಎಂದು ಗೊತ್ತು, ಏಕೆಂದರೆ ಯಾಮಿನಿಯ ಹುಟ್ಟುಹಬ್ಬಕ್ಕೆ ನೀನು ಕಳಿಸಿದ ಕಾರ್ಡಿನಲ್ಲಿ ನನ್ನ ಹೆಸರೇ ಇರಲಿಲ್ಲ. ಬೈಯುವುದಿದ್ದರೆ ಬೈದು ಬರೆ.

ಅವರು ಊರುಗೋಲು ಹಿಡಿದು ನಡೆಯುತ್ತಿದ್ದಾರೆ. ಗುಡ್ಡ ಹತ್ತುವುದು ಇನ್ನು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಅಲಮೇಲು


ಮೈಸೂರು
9 ಮಾರ್ಚ್ 2008

ಅಲಮೇಲು,

ಬೈಯಲು ಬರೆಯುತ್ತಿಲ್ಲ. ಒಂದಷ್ಟು ವಿಷಯ ಸ್ಪಷ್ಟವಾಗಿರಲಿ ಎಂದು ಬರೆಯುತ್ತಿದ್ದೇನೆ.

ಚಟ್ನಿಪುಡಿ ಮೆಚ್ಚಿಕೊಂಡರು ಎಂದು ನೀನು ಬರೆದಾಗಲೇ, ರಮಾಮಣಿಗೆ ಯಾವಾಗಿನಿಂದ ಬಹುವಚನ ಬಂತು ಎಂದು ಅನಿಸಿತ್ತು. ಜೋಳದ ರೊಟ್ಟಿ ಬೇರೆ. ನಾನು ಕಿವುಡಿ, ಕುರುಡಿಯಲ್ಲ. ಆದರೂ ನನ್ನ ತಂಗಿ ನನ್ನ ಹತ್ತಿರ ಮುಚ್ಚಿಡುವುದಿಲ್ಲ ಎಂದುಕೊಂಡು ಆ ಯೋಚನೆ ಬಿಟ್ಟೆ.

ಜಾತಿಯ ಮಾತು ನಾನು ಎತ್ತುವುದಿಲ್ಲ. ಎತ್ತುವವರು ನಮ್ಮ ನೆಂಟರಲ್ಲಿ ಸಾಕಷ್ಟು ಜನರಿದ್ದಾರೆ, ಅವರ ಕೆಲಸ ನಾನು ಯಾಕೆ ಮಾಡಲಿ. ವಯಸ್ಸಿನ ಮಾತೂ ಎತ್ತುವುದಿಲ್ಲ. ನಾನು ಹೇಳಬೇಕಾದ್ದು ಇಷ್ಟೇ. ಮೇಲಿನ ಮನೆಯ ಬಾಡಿಗೆಯವರು ತಾವಾಗಿ ಖಾಲಿ ಮಾಡಿದ್ದಲ್ಲ. ನಾನೇ ಬಿಡಿಸಿದೆ. ಅಡುಗೆಮನೆಯ ಕಟ್ಟೆಯನ್ನು ನಿನ್ನ ಎತ್ತರಕ್ಕೆ ತಗ್ಗಿಸಿ ಕಟ್ಟಿಸಿದೆ. ನನಗೆ ಬಾಗಿಲು ತಟ್ಟಿದ್ದು ಕೇಳುವುದಿಲ್ಲ. ಹಾಲಿನವನು ಹೊರಟುಹೋಗುತ್ತಾನೆ, ಪೋಸ್ಟಿನವನು ಹೊರಟುಹೋಗುತ್ತಾನೆ. ಹೋದ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದೆ. ನಿನಗೆ ಬರೆಯಲಿಲ್ಲ. ಪಕ್ಕದವರು ಬಾಗಿಲು ಬಡಿದರಂತೆ, ಊರಿಗೆ ಹೋಗಿದ್ದೇನೆ ಎಂದುಕೊಂಡರಂತೆ. ಸಂಜೆಯವರೆಗೆ ಹಾಗೇ ಇದ್ದೆ. ಆಗ, ಇನ್ನೇನು ಅಲಮೇಲು ಬರುತ್ತಾಳೆ ಎಂದುಕೊಂಡೆ.

ಗುಡ್ಡದ ಮೇಲೆ ಬಿದ್ದವರಿಗಾಗಿ ನೀನು ಓಡಿದೆ. ಸರಿ.

ಸುಗುಣಾ


ಡೊಂಬಿವಲಿ
30 ಮಾರ್ಚ್ 2008

ಅಕ್ಕ,

ನಿನ್ನ ಕಾಗದವನ್ನು ಗಾಡಿಯಲ್ಲಿ ಓದಿದೆ. ಕಚೇರಿಗೆಂದು ಠಾಣೆಯಲ್ಲಿ ಇಳಿಯುವುದನ್ನು ಮರೆತು ಮುಲುಂಡಿನವರೆಗೆ ಹೋದೆ.

ಬಿದ್ದದ್ದನ್ನು ನೀನು ಬರೆಯಬೇಕಿತ್ತು. ಬರೆದಿದ್ದರೆ ಮೊದಲ ಗಾಡಿಗೆ ಬರುತ್ತಿದ್ದೆ. ಆದರೆ ಇದನ್ನು ನಾನು ಹೇಳುವುದು ಚೆನ್ನಾಗಿರುವುದಿಲ್ಲ, ನಾನೂ ಬರೆಯದವಳೇ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳಿಲ್ಲ ನೀನು. ಆದರೂ ಹೇಳುತ್ತೇನೆ. ಜಾತಿಗೆ ಹೆದರಿ ಅಲ್ಲ. ಮೇಲಿನ ಮನೆ ಖಾಲಿ ಇದೆ ಎಂದು ಬರೆದೆಯಲ್ಲ, ಯಾಕೆ ಖಾಲಿ ಇದೆ ಎಂದು ನನಗೆ ಆ ದಿನವೇ ಗೊತ್ತಾಯಿತು. ಗೊತ್ತಾಗದವಳ ಹಾಗೆ ಗೋಡೆ ತೇವ ಹಿಡಿಯುತ್ತದೆ ಎಂದು ಬರೆದೆ. ಬರುತ್ತೇನೆ ಎನ್ನಲು ಮನಸ್ಸಾಗಲಿಲ್ಲ, ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಗುಡ್ಡದ ಮೇಲೆ ಅವರು ಕೇಳಿದಾಗ ಮೈಸೂರಿಗೆ ಎಂದು ಹೇಳಿದ್ದೂ ಹಾಗೆಯೇ, ನಿನಗೆ ಕೊಡಬೇಕಾದ ಉತ್ತರವನ್ನು ಅವರಿಗೆ ಕೊಟ್ಟೆ.

ನಾನು ಈ ಊರಿನಲ್ಲಿ ಇರುತ್ತೇನೆ, ಅವರ ಜೊತೆ. ಈಗ ಬರೆದಾಯಿತು.

ಮೇ 30ರ ಶುಕ್ರವಾರ ಠಾಣೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ನಿವೃತ್ತಿಯ ಹಿಂದಿನ ದಿನ. ಮೂವರು ಸಾಕ್ಷಿಗಳು ಬೇಕು. ಯಾಮಿನಿ ಬರುತ್ತಾಳೆ, ರಮಾಮಣಿ ಬರುತ್ತಾಳೆ. ಮೂರನೆಯವಳು ನೀನಾಗಬೇಕು ಎಂದು ಕೇಳುತ್ತಿದ್ದೇನೆ. ಒತ್ತಾಯವಿಲ್ಲ.

ಅಲಮೇಲು


ಮೈಸೂರು
14 ಏಪ್ರಿಲ್ 2008

ಅಲಮೇಲು,

ಮೂರನೆಯ ಸಾಕ್ಷಿಗೆ ಬೇರೆ ಯಾರನ್ನಾದರೂ ನೋಡಿಕೋ. ನನಗೆ ಅಷ್ಟು ದೂರದ ಪ್ರಯಾಣ ಆಗುವುದಿಲ್ಲ.

ಸುಗುಣಾ


ಮೈಸೂರು
8 ಜೂನ್ 2008

ಪ್ರೀತಿಯ ಅಲಮೇಲು,

ಸುಖವಾಗಿ ತಲುಪಿದೆ. ಶರಾವತಿ ಗಾಡಿಯಲ್ಲಿ ಎದುರಿಗೆ ಒಂದು ಗುಜರಾತಿ ಸಂಸಾರವಿತ್ತು. ಅವರಿಗೆ ಕನ್ನಡ ಬಾರದು, ನನಗೆ ಕಿವಿ ಬಾರದು, ಬಹಳ ಚೆನ್ನಾಗಿ ಹೊಂದಿಕೊಂಡೆವು.

ನಾನು ಯಾಕೆ ಬಂದೆ ಎಂದು ನೀನು ಕೇಳಿದೆ, ಅಲ್ಲಿ ಎಲ್ಲರ ಮುಂದೆ ಹೇಳಲಾಗಲಿಲ್ಲ. ಬರುವುದಿಲ್ಲ ಎಂಬ ಕಾಗದವನ್ನು ಡಬ್ಬಿಗೆ ಹಾಕಿ ಮನೆಗೆ ವಾಪಸು ಬರುವಷ್ಟರಲ್ಲೇ ಬರಬೇಕು ಅನಿಸಿಬಿಟ್ಟಿತ್ತು. ಆದರೆ ಬರೆದದ್ದನ್ನು ಬದಲಿಸಿ ಇನ್ನೊಂದು ಬರೆಯಲು ಹಟ ಬಿಡಲಿಲ್ಲ. ಆದ್ದರಿಂದ ತಿಳಿಸದೆಯೇ ಬಂದೆ. ಬಾಗಿಲು ತೆಗೆದು ನೀನು ನಿಂತ ರೀತಿ ನೋಡಿ, ಇನ್ನೂ ಎರಡು ದಿನ ಮೊದಲೇ ಬರಬೇಕಿತ್ತು ಅನಿಸಿತು.

ರಿಜಿಸ್ಟ್ರಾರ್ ಕಚೇರಿಯ ವಿಷಯ ನಿನಗೇ ಗೊತ್ತಿದೆ. ನಾನು ಬರೆಯಬೇಕೆಂದಿರುವುದು ಭಾನುವಾರದ್ದು, ಅದರಲ್ಲಿ ಅರ್ಧ ನಿನಗೆ ಗೊತ್ತಿಲ್ಲ.

ಆ ದಿನ ಮಾಹುಲಿಗೆ ಹೋಗಲು ನಿನಗೆ ಮನಸ್ಸಿರಲಿಲ್ಲ. ಮಹಾದೇವಪ್ಪನವರು ಬಿದ್ದ ದಿನದ ನಂತರ ನೀನು ಒಂದು ದಿಬ್ಬವನ್ನೂ ಹತ್ತಿಲ್ಲ ಎಂದು ರಮಾಮಣಿ ನನಗೆ ಹೇಳಿದ್ದಳು. ಆತನೇ ಹಟ ಹಿಡಿದು ಕತ್ತಲಲ್ಲಿ ನಮ್ಮಿಬ್ಬರನ್ನೂ ಹೊರಡಿಸಿದರು. ಬುಡದ ಗುಡಿಯ ಹತ್ತಿರ ನಿಂತು ನಿನ್ನ ಬೆನ್ನಚೀಲದ ಪಟ್ಟಿ ಬಿಗಿದು, "ಹೋಗಿ ಬರ್ರಿ, ನಾವಿಬ್ಬರು ಮುದುಕ್ರು ಇಲ್ಲೇ ಕುಂದರ್ತೀವಿ" ಎಂದರು. ಆ ಮಾತು ನನಗೆ ತುಟಿಯಲ್ಲೇ ತಿಳಿಯಿತು, ಮುದುಕಿ ಎಂದದ್ದು ಇಷ್ಟವಾಗಲಿಲ್ಲ. ಮೇಕೆಯ ಹೆಂಗಸು ನಿನ್ನ ಜೊತೆ ಬಂದಳು. ನೀವಿಬ್ಬರೂ ಕಾಡಿನೊಳಗೆ ಹೋದಿರಿ.

ನಾವು ಗುಡಿಯ ಜಗಲಿಯ ಮೇಲೆ ಕೂತೆವು. ನಾನು ಸುಮ್ಮನಿದ್ದೆ, ಬೇಕೆಂದೇ. ಆತ ಏನೋ ಹೇಳಿದರು, ಮೀಸೆ ತುಟಿಯನ್ನು ಮುಚ್ಚುತ್ತದೆ, ಒಂದೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದರು. ಆಮೇಲೆ ಕಾಲನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟು, ಬಾಗಿ, ಊರುಗೋಲಿನಿಂದ ಮಣ್ಣಿನಲ್ಲಿ ಬರೆದರು. ಅಕ್ಷರ ದೊಡ್ಡದು, ಒಂದನೇ ತರಗತಿಯ ಹುಡುಗರ ಹಾಗೆ. ಮಾತಾಡುವಂತೆಯೇ ಬರೆಯುತ್ತಾರೆ, ಒತ್ತಕ್ಷರ ಅಲ್ಲಲ್ಲಿ ತಪ್ಪು. ನನ್ನ ಕೈ ತಿದ್ದಲು ಹೋಯಿತು, ತಡೆದುಕೊಂಡೆ. ನನ್ನ ಮೇಲೆ ಸಿಟ್ಟು ಐತೇನ್ರಿ ಎಂದು ಬರೆದಿದ್ದರು.

ಇದೆ ಎಂದೆ. ಬಾಯಲ್ಲೇ ಹೇಳಿದೆ, ಆತನಿಗೆ ಕಿವಿ ಕೇಳುತ್ತದಲ್ಲ. ನನ್ನ ತಂಗಿ ನನ್ನ ಹತ್ತಿರ ಬರುವವಳಿದ್ದಳು, ನೀವು ಕಾಲು ಮುರಿದುಕೊಂಡು ಇಟ್ಟುಕೊಂಡಿರಿ ಎಂದೆ. ಸ್ವಲ್ಪ ಜೋರಾಗಿಯೇ ಹೇಳಿರಬೇಕು, ಗುಡಿಯ ಪೂಜಾರಿ ಹೊರಗೆ ಬಂದು ನೋಡಿದ.

ಆತ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಲೆಯಾಡಿಸಿ, ಬರೆದದ್ದನ್ನು ಕಾಲಲ್ಲಿ ಅಳಿಸಿ ಇನ್ನೊಂದು ಬರೆದರು. ಅದನ್ನು ಹಾಗೇ ಇಲ್ಲಿ ಬರೆಯುತ್ತೇನೆ. "ಹೋಗಂದೆ, ಹೋದರು. ಒಮ್ಮೆ ಸುದ್ದಾ ತಿರುಗಿ ನೋಡಲಿಲ್ಲ. ಆವಾಗ ತಿಳೀತು, ಬರ್ತಾರ ಅಂತ." ಅಷ್ಟು ಬರೆಯಲು ಬಹಳ ಹೊತ್ತು ಹಿಡಿಯಿತು, ಎರಡು ಸಲ ಜಾಗ ಬದಲಿಸಬೇಕಾಯಿತು. ಕೊನೆಯಲ್ಲಿ ಇನ್ನೊಂದು ಸಾಲು ಬರೆದರು. ನೀನು ಕಣ್ಣಿಗೆ ಮರೆಯಾದ ಮೇಲೆ ಅಲ್ಲಿ ಒಬ್ಬರೇ ಮಲಗಿ ಅತ್ತರಂತೆ, ನೋವಿಗಲ್ಲ, ಹೆದರಿಕೆಗೆ. ನೀನು ಮೇಲೆ ಬರುವಷ್ಟರಲ್ಲಿ ಮುಖ ತೊಳೆದುಕೊಂಡರಂತೆ, ನೀನು ಬಿಟ್ಟುಹೋದ ನೀರಿನಿಂದ. ಅದನ್ನು ನಿನಗೆ ಹೇಳಬಾರದು ಎಂದು ಬೆರಳು ತುಟಿಯ ಮೇಲಿಟ್ಟರು. ನಾನು ಮಾತು ಕೊಡಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಬಚ್ಚಲಲ್ಲಿ ಬಿದ್ದಾಗ ನಾನೂ ಅತ್ತಿದ್ದೆ. ಅದನ್ನು ಆತನಿಗೆ ಹೇಳಿದೆ. ಯಾಕೆ ಹೇಳಿದೆನೋ, ಯಾರಿಗೂ ಹೇಳಿರಲಿಲ್ಲ.

ಆಮೇಲೆ ಆತ ತಂದಿದ್ದ ರೊಟ್ಟಿ ಕೊಟ್ಟರು, ತಿಂದೆ. ಗಟ್ಟಿ, ಆದರೆ ಹಲ್ಲಿಗೆ ಕೆಲಸವಿದ್ದರೆ ಮನಸ್ಸಿಗೆ ಕೆಲಸ ಕಡಿಮೆ. ಮುಂದಿನ ಬೇಸಿಗೆಗೆ ಇಬ್ಬರೂ ಮೈಸೂರಿಗೆ ಬಂದಿರುತ್ತೇವೆ ಎಂದು ಬರೆದರು. ಮೇಲಿನ ಮನೆಯ ಮೆಟ್ಟಿಲು ಆತನ ಕಾಲಿಗೆ ಆಗುವುದಿಲ್ಲ. ಬಂದರೆ ಕೆಳಗೆ ನನ್ನ ಕೋಣೆಯಲ್ಲಿ ಇರಿ, ನಾನು ಮೇಲೆ ಹೋಗುತ್ತೇನೆ. ಅಡುಗೆಕಟ್ಟೆ ನನಗೆ ತಗ್ಗಾಗುತ್ತದೆ, ಅದನ್ನು ನೋಡಿಕೊಳ್ಳುತ್ತೇನೆ.

ಬಿಸಿಲೇರುತ್ತ ಬಂತು. ಆತ ಗುಡ್ಡದ ಮೇಲಿಂದ ಕಣ್ಣು ತೆಗೆಯಲಿಲ್ಲ. ಕಾಡಿನ ಮೇಲೆ ಹಳದಿ ಹುಲ್ಲಿನ ಬೋಳು ಇಳಿಜಾರು ಇದೆಯಲ್ಲ, ನೀವು ಇಳಿಯುವಾಗ ಅದೊಂದು ಕಡೆ ಮಾತ್ರ ಕೆಳಗಿನವರಿಗೆ ಕಾಣಿಸುತ್ತೀರಿ ಎಂದು ಮೊದಲೇ ತೋರಿಸಿದ್ದರು. ಕನ್ನಡಕ ಒರೆಸಿದರು, ಹಾಕಿದರು, ಮತ್ತೆ ಒರೆಸಿದರು. ನನಗೆ ದೂರದ ಕಣ್ಣು ಚೆನ್ನಾಗಿದೆ. ಇಳಿಜಾರಿನ ಮೇಲುತುದಿಯಲ್ಲಿ ಒಂದು ನೀಲಿ ಚುಕ್ಕೆ ಅಲುಗಾಡಿದ್ದು ನನಗೆ ಮೊದಲು ಕಂಡಿತು. ಅದು ನೀನು. ನಡಿಗೆಯಲ್ಲೇ ಗೊತ್ತಾಯಿತು, ಚಿಕ್ಕಂದಿನಿಂದ ನೀನು ಇಳಿಜಾರಿನಲ್ಲಿ ಬಲಗೈ ಸ್ವಲ್ಪ ಎತ್ತಿಕೊಂಡು ನಡೆಯುತ್ತೀಯ.

ಆತನಿಗೆ ತಕ್ಷಣ ಹೇಳಲಿಲ್ಲ. ಸ್ವಲ್ಪ ಹೊತ್ತು ನೀನು ನನ್ನೊಬ್ಬಳಿಗೇ ಕಾಣುತ್ತಿದ್ದೆ.

ಆಮೇಲೆ ಆತನ ತೋಳು ಮುಟ್ಟಿ, ಅಗೋ, ಬಂದಳು ಎಂದೆ.

ನಿನ್ನ
ಸುಗುಣಾ